ತಲೆಗೆ ಕರೆಂಟ್ ಕೊಡಿಸುವ ಮುಂಚೆ: ಮರೆವಿನ ಕಾಯಿಲೆಯವರ ಮನೆಯವರಿಗೆ

ನಾನು ಕೆಇಬಿಯಲ್ಲಿ ಇಂಜಿನಿಯರ್ ಆಗಿದ್ದವನು. ಅದು 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಂಗಳೂರು ಕಡೆಯದು ಬೆಸ್ಕಾಂ ಆಯಿತು. ಆದರೂ ಹನುಮಂತನಗರದ ನಮ್ಮ ಬೀದಿಯಲ್ಲಿ ಕರೆಂಟ್ ಹೋದರೆ ಜನ ಇವತ್ತಿಗೂ ಬೈಯುವುದು ಕೆಇಬಿಯನ್ನೇ. ನಿವೃತ್ತಿ ಆದಮೇಲೂ ಕರೆಂಟಿನ ವಿಷಯ ಏನೇ ಇದ್ದರೂ ನನ್ನ ಗೇಟಿಗೆ ಬರುತ್ತದೆ. ಈಚೆಗೆ ಬರುವ ಪ್ರಶ್ನೆ ಮಾತ್ರ ಬೇರೆ ಥರದ್ದು. "ಸಾರ್, ಮರೆವಿನ ಕಾಯಿಲೆಗೆ ತಲೆಗೆ ಕರೆಂಟ್ ಕೊಡ್ತಾರಂತೆ. ಅಮ್ಮನಿಗೆ ಕೊಡಿಸಬಹುದಾ?"

ನನ್ನನ್ನೇ ಕೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ನನ್ನ ಅಕ್ಕ ನಮ್ಮ ಜೊತೆಗೇ ಇದ್ದಾಳೆ. ಸರಕಾರಿ ಮಾಧ್ಯಮಿಕ ಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದವಳು. ಅಲ್ಝೈಮರ್ ಅಂತ ಗೊತ್ತಾಗಿ ಕೆಲವು ವರ್ಷ ಆಯಿತು. ಮದುವೆ ಕಾಗದ ಕೈಗೆ ಕೊಟ್ಟರೆ ಈಗಲೂ ಒತ್ತಕ್ಷರದ ತಪ್ಪು ಹಿಡಿಯುತ್ತಾಳೆ. ಅದು ಯಾರ ಮನೆ ಮದುವೆ ಅಂತ ಮಾತ್ರ ಐದು ನಿಮಿಷಕ್ಕೊಮ್ಮೆ ಕೇಳುತ್ತಾಳೆ. ಅವಳಿಗೆ ಈ ಕರೆಂಟಿನ ಚಿಕಿತ್ಸೆಯ ಒಂದು ಅಧ್ಯಯನದಲ್ಲಿ ಸೀಟು ಸಿಕ್ಕಿತು, ಪಕ್ಕದ ಕುರ್ಚಿಯಲ್ಲಿ ನಾನು ಕೂತಿದ್ದೆ. ಅದಕ್ಕೂ ಮುಂಚೆ ಸಾಕಷ್ಟು ಓದಿದೆ, ಸಾಕಷ್ಟು ಡಾಕ್ಟರುಗಳ ತಲೆ ತಿಂದೆ. ನಾನು ಡಾಕ್ಟರ್ ಅಲ್ಲ. ಆದರೆ ಒಪ್ಪಿಗೆ ಹಾಕುವ ಮುಂಚೆ ಏನು ಕೇಳಬೇಕು, ಆ ದಿನ ಏನು ಮಾಡಬೇಕು, ಉಪಯೋಗ ಆಯಿತೋ ಇಲ್ಲವೋ ಅಂತ ಹೇಗೆ ನೋಡಬೇಕು ಅನ್ನುವುದನ್ನು ಹೇಳಬಲ್ಲೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದು ಮೋಸ ಅಲ್ಲ. ಆದರೆ ಮರೆವಿಗೆ ಇದು ಇನ್ನೂ ಚಿಕಿತ್ಸೆಯೂ ಅಲ್ಲ, ಪ್ರಯೋಗ. ಪ್ರಯೋಗಕ್ಕೆ ದುಡ್ಡು ಕೊಟ್ಟು ಸೇರಬೇಡಿ.

ಯಾವ ಕರೆಂಟ್ ಅಂತ ಮೊದಲು ಕೇಳಿ

ಬ್ರೇನ್ ಸ್ಟಿಮ್ಯುಲೇಷನ್ ಅನ್ನುವ ಒಂದೇ ಹೆಸರಲ್ಲಿ ತೀರಾ ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಕ್ಲಿನಿಕ್ಕಿನವರು ಹೆಸರು ಹೇಳದೆ "ಮಷೀನ್ ಟ್ರೀಟ್‌ಮೆಂಟ್" ಅಂದರೆ, ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಎಲ್ಲರಿಗೂ ಮೊದಲು ನೆನಪಾಗುವುದು ಶಾಕ್ ಟ್ರೀಟ್‌ಮೆಂಟ್, ಅಂದರೆ ಇಸಿಟಿ. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಶುರುಮಾಡಿದ್ದು. ಸುಮಾರು 800ರಿಂದ 900 ಮಿಲಿಆಂಪ್ ಕರೆಂಟನ್ನು ಚಿಕ್ಕ ಚಿಕ್ಕ ಪಲ್ಸ್‌ಗಳಾಗಿ ಕೆಲವು ಸೆಕೆಂಡು ಕೊಟ್ಟು, ಬೇಕೆಂದೇ ಫಿಟ್ಸ್ ಬರಿಸುತ್ತಾರೆ. ಈಗ ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಇದು ತೀವ್ರ ಖಿನ್ನತೆಯಂಥ ಕಾಯಿಲೆಗಳಿಗೆ. ಮರೆವಿಗೆ ಅಲ್ಲ. ಮರೆವು ಇದರ ಅಡ್ಡಪರಿಣಾಮ. ಆದರೆ ವಯಸ್ಸಾದವರ ಖಿನ್ನತೆ ಕೆಲವು ಸಲ ಥೇಟ್ ಡಿಮೆನ್ಷಿಯಾ (ಅಂದರೆ ಮರೆವಿನ ಕಾಯಿಲೆ) ಥರವೇ ಕಾಣುತ್ತದೆ. ಅಂಥ ಕಡೆ ಡಾಕ್ಟರ್ ಇಸಿಟಿ ಹೇಳಿದರೆ ಹೆದರಿ ಓಡಬೇಡಿ, ಕೂತು ಕೇಳಿ.

ಎರಡನೆಯದು ಟಿಡಿಸಿಎಸ್. ಅಕ್ಕನಿಗೆ ಆಗಿದ್ದು ಇದು. ತಲೆಯ ಮೇಲೆ ಎರಡು ಒದ್ದೆ ಸ್ಪಂಜಿನ ಪ್ಯಾಡ್ ಇಟ್ಟು, ಒಂದರಿಂದ ಇನ್ನೊಂದಕ್ಕೆ 1ರಿಂದ 2 ಮಿಲಿಆಂಪ್ ನೇರ ವಿದ್ಯುತ್ ಹರಿಸುತ್ತಾರೆ. ಒಂದು ಸಲಕ್ಕೆ 20 ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಎಷ್ಟು ಕಮ್ಮಿ ಅಂತ ಅಂದಾಜಿಗೆ ಹೇಳುತ್ತೇನೆ. 5 ವ್ಯಾಟಿನ ಎಲ್‌ಇಡಿ ಬಲ್ಬ್ ಎಳೆಯುವುದೇ 20 ಮಿಲಿಆಂಪ್‌ಗಿಂತ ಜಾಸ್ತಿ. ಶಾಕ್ ಹೊಡೆಯದಂತೆ ಮನೆಗೆ ಹಾಕುವ ಆರ್‌ಸಿಸಿಬಿ ಸ್ವಿಚ್ಚು ಟ್ರಿಪ್ ಆಗುವುದು 30 ಮಿಲಿಆಂಪ್ ಸೋರಿದಾಗ. ಈ 2 ಮಿಲಿಆಂಪಿನಲ್ಲೂ ಹೆಚ್ಚಿನ ಪಾಲು ಚರ್ಮದಲ್ಲೇ ಅಡ್ಡಹಾದು ಹೋಗಿಬಿಡುತ್ತದೆ, ಒಳಗೆ ಮುಟ್ಟುವುದು ಸ್ವಲ್ಪ. ಅಷ್ಟರಲ್ಲಿ ಮಿದುಳಿನ ಜೀವಕೋಶ ತಾನಾಗಿ ಮಿಡಿಯುವುದಿಲ್ಲ. ಮಿಡಿಯುವುದಕ್ಕೆ ಸ್ವಲ್ಪ ಸುಲಭ ಆಗುತ್ತದೆ, ಅಷ್ಟೆ. ಒಲೆ ಹಚ್ಚುವುದಿಲ್ಲ, ಸೌದೆ ಒಣಗಿಸಿ ಇಡುತ್ತದೆ. 2000ನೇ ಇಸವಿಯಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ನಿಟ್ಶೆ ಮತ್ತು ಪೌಲುಸ್ ಇದನ್ನು ಅಳೆದು ತೋರಿಸಿದ ಮೇಲೆ ಈ ವಿದ್ಯೆಗೆ ಮತ್ತೆ ಜೀವ ಬಂತು. ಮತ್ತೆ ಅಂದಿದ್ದು ಯಾಕೆಂದರೆ ಐಡಿಯಾ ಹಳೆಯದು. 1801ರಲ್ಲೇ ಇಟಲಿಯ ಆಲ್ಡಿನಿ ಖಿನ್ನತೆಯ ರೋಗಿಗಳ ತಲೆಗೆ ಬ್ಯಾಟರಿ ಹಚ್ಚಿ ನೋಡಿದ್ದ. ನಮ್ಮ ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದಿದ್ದು 1905ರಲ್ಲಿ. ಅಲ್ಲಿ ನೋಡಿದರೆ ಅದಕ್ಕೂ ನೂರು ವರ್ಷ ಹಿಂದೆಯೇ ಜನರ ತಲೆಗೆ ಕೊಟ್ಟಿದ್ದರು!

ಇದರದೇ ಒಂದು ತಮ್ಮ ಟಿಎಸಿಎಸ್. ನೇರ ವಿದ್ಯುತ್ತಿನ ಬದಲು ಪರ್ಯಾಯ ವಿದ್ಯುತ್, ಮಿದುಳಿನ ತಾಳಕ್ಕೆ ಹೊಂದಿಸಿದ್ದು. ಇದರ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸುದ್ದಿ ತಿರುಗುತ್ತಲೇ ಇರುತ್ತದೆ: "ನಾಲ್ಕೇ ದಿನ, ನೆನಪು ವಾಪಸ್". ಸುದ್ದಿಯ ಮೂಲ ನಿಜ. 2022ರಲ್ಲಿ ಬಾಸ್ಟನ್ ಯೂನಿವರ್ಸಿಟಿಯವರು 65ರಿಂದ 88 ವಯಸ್ಸಿನ 150 ಜನರ ಮೇಲೆ ಮಾಡಿದ ಕೆಲಸ ಅದು. ದಿನಕ್ಕೆ 20 ನಿಮಿಷ, ಸತತ ನಾಲ್ಕು ದಿನ. ಪದಗಳ ಪಟ್ಟಿ ನೆನಪಿಡುವುದರಲ್ಲಿ ಸುಧಾರಣೆ ಒಂದು ತಿಂಗಳವರೆಗೂ ಉಳಿಯಿತು. ಆದರೆ ಅವರು ಡಿಮೆನ್ಷಿಯಾ ಇಲ್ಲದ, ಗಟ್ಟಿಮುಟ್ಟಾದ ಹಿರಿಯರು. ಫಾರ್ವರ್ಡ್ ಮಾಡುವವರು ಆ ಒಂದು ಸಾಲು ಯಾವಾಗಲೂ ಬಿಡುತ್ತಾರೆ.

ಮೂರನೆಯದು ಟಿಎಂಎಸ್. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬಾರ್ಕರ್ ಮಾಡಿದ್ದು. ತಲೆಯ ಮೇಲೆ ಒಂದು ಕಾಯಿಲ್ ಹಿಡಿದು ಆಯಸ್ಕಾಂತದ ಪಲ್ಸ್ ಬಿಡುತ್ತಾರೆ, ಆ ಪಲ್ಸ್ ಮಿದುಳಿನ ಒಳಗೇ ಕರೆಂಟ್ ಹುಟ್ಟಿಸುತ್ತದೆ. ನಮ್ಮ ಟ್ರಾನ್ಸ್‌ಫಾರ್ಮರ್ ಸೂತ್ರವೇ, ಫ್ಯಾರಡೆ ಹೇಳಿದ್ದು. ಇದು ಟಿಡಿಸಿಎಸ್‌ಗಿಂತ ಜೋರು, ಜೀವಕೋಶವನ್ನು ನಿಜವಾಗಿಯೂ ಮಿಡಿಸುತ್ತದೆ. ಖಿನ್ನತೆಗೆ ಅಂತ ಅಮೆರಿಕದ ಎಫ್‌ಡಿಎ, ಅಂದರೆ ಔಷಧಿ ಮತ್ತು ವೈದ್ಯಕೀಯ ಮಷೀನುಗಳಿಗೆ ಒಪ್ಪಿಗೆ ಕೊಡುವ ಅಲ್ಲಿನ ಸರಕಾರಿ ಸಂಸ್ಥೆ, 2008ರಲ್ಲೇ ಒಪ್ಪಿಗೆ ಕೊಟ್ಟಿದೆ. ಮರೆವಿನ ವಿಷಯದಲ್ಲಿ ನನಗೆ ಸ್ವಲ್ಪ ಆಸೆ ಹುಟ್ಟಿಸಿದ್ದು ರೋಮ್‌ನ ಕೋಖ್ ಅವರ ತಂಡದ 2022ರ ಕೆಲಸ. 50 ಜನ ಅಲ್ಝೈಮರ್ ರೋಗಿಗಳು, 24 ವಾರ. ಮೊದಲ ಎರಡು ವಾರ ವಾರಕ್ಕೆ ಐದು ದಿನ, ಆಮೇಲೆ ವಾರಕ್ಕೊಮ್ಮೆ, ತಲೆಯ ಹಿಂಭಾಗದ ಪ್ರಿಕ್ಯೂನಿಯಸ್ ಅನ್ನುವ ಜಾಗಕ್ಕೆ. ನಿಜವಾದ ಪಲ್ಸ್ ಸಿಕ್ಕವರು ಹೆಚ್ಚುಕಮ್ಮಿ ಇದ್ದಲ್ಲೇ ನಿಂತರು, ನಕಲಿ ಸಿಕ್ಕವರು ಇಳಿದರು. ಗಮನಿಸಿ, ಹೋದ ನೆನಪು ವಾಪಸ್ ಬಂತು ಅಂತಲ್ಲ. ಇಳಿಯುವುದು ನಿಧಾನ ಆಯಿತು ಅಂತ. 50 ಜನರ ಲೆಕ್ಕ ಇನ್ನೂ ದೊಡ್ಡ ಗುಂಪಿನಲ್ಲಿ ನಿಲ್ಲಬೇಕು.

ನಾಲ್ಕನೆಯದು ಡಿಬಿಎಸ್, ತಲೆಬುರುಡೆ ಕೊರೆದು ತಂತಿ ಇಳಿಸುವುದು. ಪಾರ್ಕಿನ್ಸನ್ ನಡುಕಕ್ಕೆ ಇದು ಚೆನ್ನಾಗಿ ಸ್ಥಾಪಿತವಾದ ಚಿಕಿತ್ಸೆ. ಮರೆವಿಗೆ ಬಂದ ಕಥೆ ಸ್ವಾರಸ್ಯದ್ದು. ಟೊರಾಂಟೊದಲ್ಲಿ ಲೊಜಾನೊ ಅವರ ತಂಡ ವಿಪರೀತ ದಪ್ಪ ಇದ್ದ ಒಬ್ಬರ ಹಸಿವು ಕಮ್ಮಿ ಮಾಡಲು ಮಿದುಳಿನ ಆಳಕ್ಕೆ ತಂತಿ ಇಳಿಸಿತ್ತು. ಸ್ವಿಚ್ ಹಾಕಿದ ತಕ್ಷಣ ಆ ಮನುಷ್ಯನಿಗೆ ವಯಸ್ಸಿನಲ್ಲಿದ್ದಾಗ ಗೆಳೆಯರ ಜೊತೆ ಪಾರ್ಕಿನಲ್ಲಿದ್ದದ್ದು ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ಇದು 2008ರಲ್ಲಿ ಪ್ರಕಟವಾಯಿತು. ಅಲ್ಲಿಂದ ಅಲ್ಝೈಮರ್ ರೋಗಿಗಳ ಮಿದುಳಿನಲ್ಲಿ ನೆನಪಿಗೆ ಸಂಬಂಧಪಟ್ಟ ಫಾರ್ನಿಕ್ಸ್ ಅನ್ನುವ ನರದ ಕಟ್ಟಿನ ಹತ್ತಿರ ತಂತಿ ಇಟ್ಟು ನೋಡಿದರು. 42 ಜನರ ಅಧ್ಯಯನದ ಫಲಿತಾಂಶ 2016ರಲ್ಲಿ ಬಂತು. ಒಂದು ವರ್ಷದ ಕೊನೆಗೆ ಕರೆಂಟ್ ಆನ್ ಇದ್ದವರಿಗೂ ಆಫ್ ಇದ್ದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಮರೆವಿಗೆ ಅಂತ ಯಾರಾದರೂ ಈ ಆಪರೇಷನ್ ಮಾರಲು ಬಂದರೆ ಎದ್ದು ಬನ್ನಿ.

ಕರೆಂಟಿಗಿಂತ ಮುಂಚೆ ರಕ್ತಪರೀಕ್ಷೆ

ಇದು ಬೋರು ಹೊಡೆಸುವ ಭಾಗ, ಆದರೆ ದುಡ್ಡು ಉಳಿಯುವುದು ಇಲ್ಲೇ. ಮರೆವು ಅಂದ ತಕ್ಷಣ ಅಲ್ಝೈಮರ್ ಅಲ್ಲ. ಬಿ12 ಕಮ್ಮಿ ಆದರೂ ಮರೆವು ಬರುತ್ತದೆ, ಸಸ್ಯಾಹಾರಿ ಮನೆಗಳಲ್ಲಿ ಇದು ಸಾಮಾನ್ಯ. ಥೈರಾಯ್ಡ್, ಖಿನ್ನತೆ, ಬಿದ್ದು ತಲೆಯೊಳಗೆ ರಕ್ತ ನಿಂತಿರುವುದು, ಮಿದುಳಲ್ಲಿ ನೀರು ತುಂಬುವುದು, ನಿದ್ದೆ ಮಾತ್ರೆ, ಅಲರ್ಜಿಗೆ ವರ್ಷಗಟ್ಟಲೆ ನುಂಗುವ ಮಾತ್ರೆ. ಇವೆಲ್ಲ ಪೂರ್ತಿ ಅಥವಾ ಸ್ವಲ್ಪಮಟ್ಟಿಗೆ ಸರಿಹೋಗುವಂಥವು. ಕಿವಿಯನ್ನೂ ಒಮ್ಮೆ ತೋರಿಸಿ. ಕೇಳಿಸದೇ ಇದ್ದದ್ದು ನೆನಪಿರುವುದಾದರೂ ಹೇಗೆ? ಅಕ್ಕನ ಬಲಗಿವಿ ಮಂದ ಅಂತ ನಮಗೆ ಗೊತ್ತಾಗಿದ್ದೇ ಈ ಸುತ್ತಾಟದಲ್ಲಿ. ಕಿವಿಗೆ ಯಂತ್ರ ಹಾಕಿದ ಮೇಲೆ ಅವಳು ಮಾತಿಗೆ ಮೊದಲಿಗಿಂತ ಚೆನ್ನಾಗಿ ಸಿಗುತ್ತಾಳೆ.

ಸ್ಕ್ಯಾನ್, ರಕ್ತಪರೀಕ್ಷೆ, ನೆನಪಿನ ಪರೀಕ್ಷೆ, ಇವು ಮೂರೂ ಆಗದೆ ಕರೆಂಟಿನ ಮಾತು ಎತ್ತುವವರ ಹತ್ತಿರ ಕೂರಬೇಡಿ. ನೆನಪಿನ ಪರೀಕ್ಷೆ ಕನ್ನಡದಲ್ಲೇ ಆಗಬೇಕು ಅಂತ ಹಠ ಹಿಡಿಯಿರಿ. ಕನ್ನಡಕ್ಕೆ ಹೊಂದಿಸಿದ ಪರೀಕ್ಷೆಗಳು ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನವರೇ ಕನ್ನಡವೂ ಸೇರಿ ಐದು ಭಾಷೆಗಳಿಗೆ ಪರೀಕ್ಷೆಗಳ ಒಂದು ಪೆಟ್ಟಿಗೆ ಮಾಡಿದ್ದಾರೆ. ಇಂಗ್ಲಿಷಿನಲ್ಲಿ ತಿಂಗಳ ಹೆಸರು ಹಿಂದಿನಿಂದ ಹೇಳಿ ಅಂದರೆ ನನಗೇ ತಡವರಿಸುತ್ತದೆ. ಆಷಾಢ, ಜ್ಯೇಷ್ಠ, ವೈಶಾಖ ಅಂತ ಅಕ್ಕ ನಿಲ್ಲದೆ ಹೇಳಿದಳು. ಅದಕ್ಕೆ ಮಾರ್ಕ್ಸ್ ಕೊಡುವುದೋ ಬಿಡುವುದೋ ಅಂತ ಪರೀಕ್ಷೆ ಮಾಡುತ್ತಿದ್ದ ಹುಡುಗಿ ಪಾಪ ಸ್ವಲ್ಪ ಯೋಚನೆ ಮಾಡಿದಳು.

ಕ್ಲಿನಿಕ್ಕಿನಲ್ಲಿ ಏನು ಕೇಳಬೇಕು

ನಗರದ ಒಂದು ಖಾಸಗಿ ಕ್ಲಿನಿಕ್ಕಿಗೆ ನಾವೂ ಹೋಗಿದ್ದೆವು, ಹೆಸರು ಬೇಡ. ಎಸಿ ಹಾಲ್, ಫಿಲ್ಟರ್ ಕಾಫಿ, ಪ್ಯಾಕೇಜಿನ ಬಣ್ಣದ ಹಾಳೆ. ಕೌನ್ಸೆಲರ್ ಟ್ಯಾಬ್‌ನಲ್ಲಿ ಎರಡು ಮಿದುಳಿನ ಚಿತ್ರ ತೋರಿಸಿದರು. ಮುಂಚೆ ನೀಲಿ, ಆಮೇಲೆ ಕೆಂಪು. ನನಗೆ ಮೀಟರ್ ನೋಡಿ ಅಭ್ಯಾಸ, ಚಿತ್ರಕ್ಕಿಂತ ಮೊದಲು ಅದರ ಪಕ್ಕದ ಸ್ಕೇಲ್ ಮೇಲೆ ಕಣ್ಣು ಹೋಯಿತು. ಎಡಗಡೆ ಸ್ಕೇಲು 20ರವರೆಗೆ, ಬಲಗಡೆಯದು 10ರವರೆಗೆ. ಅದೇ ಅಳತೆ ಬಂದರೂ ಬಲಗಡೆ ಕೆಂಪಾಗಿಯೇ ಕಾಣುತ್ತದೆ. ಬೆರಳಿಟ್ಟು ತೋರಿಸಿದೆ. "ಅದು ಸಾಫ್ಟ್‌ವೇರ್ ಸೆಟ್ಟಿಂಗ್ ಸಾರ್" ಅಂದರು. ಇರಬಹುದು. ಕಾಫಿ ಮಾತ್ರ ಚೆನ್ನಾಗಿತ್ತು.

ನೀವು ಹೋದಾಗ ಬಣ್ಣ ನೋಡಬೇಡಿ, ಪ್ರಶ್ನೆ ಕೇಳಿ. ಯಾವ ಮಷೀನು, ಎಷ್ಟು ಮಿಲಿಆಂಪ್, ತಲೆಯ ಯಾವ ಜಾಗ, ಯಾಕೆ ಆ ಜಾಗ? ಇದೇ ಕಾಯಿಲೆಯ, ಇದೇ ಹಂತದ ರೋಗಿಗಳ ಮೇಲೆ ಮಾಡಿದ ಅಧ್ಯಯನ ಯಾವುದು? ಖಿನ್ನತೆಯ ಅಧ್ಯಯನ ತೋರಿಸಿ ಮರೆವಿಗೆ ಮಾರುವುದು ಇಲ್ಲಿಯ ಮಾಮೂಲಿ ಚಮತ್ಕಾರ. ಅಲ್ಝೈಮರ್ ಮರೆವಿಗೆ ಅಂತ ಟಿಡಿಸಿಎಸ್‌ಗಾಗಲಿ ಟಿಎಂಎಸ್‌ಗಾಗಲಿ ಎಫ್‌ಡಿಎ ಒಪ್ಪಿಗೆ ಇಲ್ಲ. ಇದನ್ನು ಕ್ಲಿನಿಕ್ಕಿನವರು ತಾವಾಗಿ ಹೇಳುತ್ತಾರಾ ನೋಡಿ. ತಾವಾಗಿ ಹೇಳಿದವರ ಮೇಲೆ ನನಗೆ ಗೌರವ. ಖಿನ್ನತೆಯೂ ಜೊತೆಗಿದ್ದು, ಅದಕ್ಕೆ ಅಂತಲೇ ಟಿಎಂಎಸ್ ಕೊಡುವುದಾದರೆ ಆ ವಿಷಯ ಬೇರೆ.

"ಇದು ರಿಸರ್ಚ್" ಅಂದರೆ ಸಿಟಿಆರ್‌ಐ ನಂಬರ್ ಕೇಳಿ. ನಮ್ಮ ದೇಶದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳನ್ನು ನೋಂದಾಯಿಸುವ ಸರಕಾರಿ ಪಟ್ಟಿ ಅದು, 2007ರಿಂದ ಇದೆ. ಅವರ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ನಂಬರಿನಲ್ಲಿ ವರ್ಷ, ತಿಂಗಳು ಕಾಣುತ್ತವೆ. ಯಾವ ಆಸ್ಪತ್ರೆ, ಎಷ್ಟು ಜನ, ಎಥಿಕ್ಸ್ ಸಮಿತಿ ಒಪ್ಪಿದೆಯೇ, ಎಲ್ಲವೂ ಅಲ್ಲಿ ಸಿಗುತ್ತದೆ. ನಂಬರ್ ಕೊಡಲು ಮೀನಮೇಷ ಎಣಿಸಿದರೆ ಅದು ರಿಸರ್ಚ್ ಅಲ್ಲ, ವ್ಯಾಪಾರ. ಇನ್ನೊಂದು ಮಾತು. ಸಂಶೋಧನೆಗೆ ಸಂಬಂಧಪಟ್ಟ ಖರ್ಚನ್ನು ಭಾಗವಹಿಸುವವರ ಮೇಲೆ ಹಾಕಬಾರದು ಅಂತ ಐಸಿಎಂಆರ್‌ನ 2017ರ ನಿಯಮಾವಳಿಯಲ್ಲೇ ಇದೆ. ಅಕ್ಕನ ಅಧ್ಯಯನದಲ್ಲಿ ನಮ್ಮದು ಆಟೋ ಖರ್ಚು ಬಿಟ್ಟರೆ ಬೇರೆ ಏನೂ ಇರಲಿಲ್ಲ, ಅದನ್ನೂ ಅವರು ವಾಪಸ್ ಕೊಟ್ಟರು.

ಪೇಸ್‌ಮೇಕರ್, ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್, ತಲೆಯಲ್ಲಿ ಕ್ಲಿಪ್ಪು ಅಥವಾ ಪ್ಲೇಟು, ಹಿಂದೆ ಫಿಟ್ಸ್ ಬಂದಿದ್ದು, ತಲೆಚರ್ಮದ ಮೇಲೆ ಗಾಯ ಅಥವಾ ಇಸುಬು, ಇವುಗಳಲ್ಲಿ ಏನಿದ್ದರೂ ಮೊದಲೇ ಹೇಳಿ. ಟಿಎಂಎಸ್‌ನಲ್ಲಿ ಅಪರೂಪಕ್ಕೆ ಫಿಟ್ಸ್ ಬರುವುದುಂಟು, ಅದಕ್ಕೇ ಅವರು ಪಟ್ಟಿ ಹಿಡಿದು ಕೇಳುತ್ತಾರೆ. ನುಂಗುವ ಮಾತ್ರೆಗಳ ಪಟ್ಟಿ ಪೂರ್ತಿ ಕೊಡಿ, ಆಯುರ್ವೇದದ ಲೇಹ್ಯವನ್ನೂ ಸೇರಿಸಿ. ಮರೆವಿಗೆ ಕೊಡುವ ಡೊನೆಪೆಜಿಲ್, ಮೆಮಾಂಟಿನ್ ಥರದ ಮಾತ್ರೆ ನಡೆಯುತ್ತಿದ್ದರೆ "ಇನ್ನು ಮಷೀನ್ ಇದೆಯಲ್ಲ" ಅಂತ ನೀವಾಗಿ ನಿಲ್ಲಿಸಬೇಡಿ.

ಅವರನ್ನೇ ಕೇಳಿ

ಮರೆವು ಬಂದ ತಕ್ಷಣ ಮನುಷ್ಯನ ಇಷ್ಟ ಸತ್ತುಹೋಗುವುದಿಲ್ಲ. ಬೆಳಗ್ಗೆ, ತಿಂಡಿ ಆದಮೇಲೆ, ತಲೆ ತಿಳಿಯಾಗಿರುವ ಹೊತ್ತು ನೋಡಿ ಚಿಕ್ಕ ಮಾತುಗಳಲ್ಲಿ ಹೇಳಿ. ಮಾರನೇ ದಿನ ಮತ್ತೆ ಹೇಳಿ. ಎರಡು ದಿನವೂ ಒಂದೇ ಉತ್ತರ ಬಂದರೆ ಅದು ಅವರ ಉತ್ತರ. ನಾನು ಹೇಳಿದಾಗ ಅಕ್ಕ ಕನ್ನಡಕ ತೆಗೆದು ನನ್ನನ್ನೇ ನೋಡಿದಳು.

"ತಲೆಗೆ ಕರೆಂಟ್ ಕೊಟ್ಟರೆ ಬಿಲ್ ಯಾರೋ ಕಟ್ಟೋದು?"

"ಗೃಹಜ್ಯೋತಿಲಿ ಬರುತ್ತೆ ಅಕ್ಕ."

ನಕ್ಕಳು. ಮಾರನೇ ದಿನ ಮತ್ತೆ ಹೇಳಿದಾಗಲೂ ಅದೇ ಪ್ರಶ್ನೆ, ಅದೇ ನಗು, ಆಮೇಲೆ "ಆಗಲಿ, ನೋಡೋಣ." ಸಹಿ ಅವಳೇ ಹಾಕಿದಳು, ಸಾಕ್ಷಿ ಸಹಿ ನಂದು. ಅವಳಿಗೆ ಬೇಡ ಅನ್ನಿಸಿದ ದಿನ ಬಿಡುವ ಹಕ್ಕು ಇದೆ, ಬಿಟ್ಟರೆ ಮಾಮೂಲಿ ಚಿಕಿತ್ಸೆಗೆ ತೊಂದರೆ ಇಲ್ಲ ಅನ್ನುವ ಸಾಲು ಫಾರಂನಲ್ಲಿ ಇರಲೇಬೇಕು. ಓದಿ ನೋಡಿ.

ಹೋಗುವ ದಿನ

ತಲೆಗೆ ಎಣ್ಣೆ ಹಚ್ಚಬೇಡಿ. ನಮ್ಮ ಕಡೆಯ ಹೆಂಗಸರಿಗೆ ಇದು ಕಷ್ಟದ ಮಾತು, ಆದರೆ ಎಣ್ಣೆ ಇದ್ದರೆ ಪ್ಯಾಡಿಗೂ ಚರ್ಮಕ್ಕೂ ಸಂಪರ್ಕ ಕೂರುವುದಿಲ್ಲ. ಹಿಂದಿನ ದಿನ ತಲೆಗೆ ನೀರು ಹಾಕಿಸಿ ಚೆನ್ನಾಗಿ ಒಣಗಿಸಿ. ಹೇರ್‌ಪಿನ್, ಕ್ಲಿಪ್ಪು, ಹೂವು ಬೇಡ. ಕಿವಿಯ ಯಂತ್ರ ಮತ್ತು ಓಲೆ ತೆಗೆಯಲು ಹೇಳಬಹುದು, ಒಂದು ಪುಟ್ಟ ಡಬ್ಬಿ ಒಯ್ಯಿರಿ. ಟಿಎಂಎಸ್ ಆದರೆ ಕಾಯಿಲ್ ಟಕ್ ಟಕ್ ಅಂತ ಜೋರಾಗಿ ಸದ್ದು ಮಾಡುತ್ತದೆ, ಕಿವಿಗೆ ಪ್ಲಗ್ ಕೊಡುತ್ತಾರೆ. ಹಿಂದಿನ ರಾತ್ರಿ ನಿದ್ದೆ ಕೆಟ್ಟಿದ್ದರೆ ಮುಚ್ಚಿಡಬೇಡಿ, ಹೇಳಿ.

ಟಿಡಿಸಿಎಸ್‌ನಲ್ಲಿ ಒಂದು ಪ್ಯಾಡ್ ಸಾಮಾನ್ಯವಾಗಿ ಎಡಗಡೆ ಹಣೆಯ ಮೇಲ್ಭಾಗದ ಕೂದಲಿನಲ್ಲಿ, ಇನ್ನೊಂದು ಬಲಹುಬ್ಬಿನ ಮೇಲೆ ಕೂರುತ್ತದೆ. ಜಾಗ ಹಿಡಿಯುವುದನ್ನು ಕುತೂಹಲದಿಂದ ನೋಡಿದೆ. ಟೆಕ್ನಿಷಿಯನ್ ಹುಡುಗ ಟೈಲರ್ ಟೇಪು ಹಿಡಿದು ಮೂಗಿನ ಬುಡದಿಂದ ಹಿಂದಲೆಯ ಗುಬುಟಿನವರೆಗೆ, ಕಿವಿಯಿಂದ ಕಿವಿಗೆ ಅಳೆದು, ಲೆಕ್ಕ ಹಾಕಿ, ಪೆನ್ಸಿಲ್ಲಿನಲ್ಲಿ ಚುಕ್ಕೆ ಇಟ್ಟ. ಬಲಹುಬ್ಬಿನ ಪ್ಯಾಡು ಅಕ್ಕನ ಕುಂಕುಮದ ಮೇಲೇ ಬರುತ್ತಿತ್ತು. ಹುಡುಗ ಹತ್ತಿ ತೆಗೆದುಕೊಂಡು ಒರೆಸಲು ಹೋದ, ಅಕ್ಕ ಅವನ ಮಣಿಕಟ್ಟು ಹಿಡಿದಳು. ಬಿಗಿಯಾಗಿಯೇ. ಮೇಷ್ಟ್ರ ಕೈ. ಕೊನೆಗೆ ನನ್ನ ಹೆಂಡತಿ ಕುಂಕುಮದ ಭರಣಿ ಬ್ಯಾಗಿನಿಂದ ತೆಗೆದು ತೋರಿಸಿ "ಮುಗಿದ ತಕ್ಷಣ ನಾನೇ ಇಡ್ತೀನಿ" ಅಂದಮೇಲೆ ಬಿಟ್ಟಳು. ನಂತರ ಪ್ರತಿ ಸಲ ಮನೆಯಿಂದ ಹೊರಡುವಾಗಲೇ ಭರಣಿ ಬ್ಯಾಗಿಗೆ ಹೋಗುತ್ತಿತ್ತು. ನಿಮ್ಮ ಮನೆಯವರದು ವಿಭೂತಿಯೋ ನಾಮವೋ ಇರಬಹುದು, ಮೊದಲೇ ಯೋಚಿಸಿ ಇಟ್ಟುಕೊಳ್ಳಿ.

ಸ್ಪಂಜನ್ನು ಸಲೈನ್‌ನಲ್ಲಿ ನೆನೆಸುತ್ತಾರೆ, ನಲ್ಲಿ ನೀರಿನಲ್ಲಲ್ಲ. ತೊಟ್ಟಿಕ್ಕುವಷ್ಟು ಒದ್ದೆ ಇರಬಾರದು, ಒಣಗಲೂ ಬಾರದು. ಕರೆಂಟ್ ಒಮ್ಮೆಲೇ ಬರುವುದಿಲ್ಲ, ಅರ್ಧ ನಿಮಿಷದಲ್ಲಿ ಮೆಲ್ಲಗೆ ಏರುತ್ತದೆ. ಆಗ ಜುಮುಜುಮು ಅನ್ನುತ್ತದೆ, ಇರುವೆ ಹರಿದ ಹಾಗೆ ನವೆ ಆಗುತ್ತದೆ. ಆಮೇಲೆ ಚರ್ಮ ಸ್ವಲ್ಪ ಕೆಂಪಾಗಬಹುದು, ಕೆಲವರಿಗೆ ತಲೆನೋವು. ಉರಿ ಅಂದರೆ ಮಾತ್ರ ತಕ್ಷಣ ಹೇಳಿ. ಉರಿ ಬೇರೆ, ನವೆ ಬೇರೆ. ನಿಮ್ಮವರಿಗೆ ಬಾಯಿಬಿಟ್ಟು ಹೇಳಲು ಆಗದಿದ್ದರೆ ಮುಖ ನೋಡುತ್ತಾ ಕೂರುವುದು ನಿಮ್ಮ ಕೆಲಸ. ಫೋನ್ ಒಳಗಿಡಿ.

ಆ 20 ನಿಮಿಷ ಸುಮ್ನೆ ಕೂರಿಸುವ ಜಾಗ ಅಷ್ಟು ಒಳ್ಳೆಯದಲ್ಲ ಅಂತ ನನ್ನ ಅನಿಸಿಕೆ. ಜೊತೆಗೆ ನೆನಪಿನ ಅಭ್ಯಾಸವನ್ನೂ ಮಾಡಿಸುವುದು ಈ ಅಧ್ಯಯನಗಳಲ್ಲಿ ರೂಢಿ, ಕಾರಣ ಆಗಲೇ ಹೇಳಿದೆ, ಕರೆಂಟ್ ತಾನಾಗಿ ಏನನ್ನೂ ಕಲಿಸುವುದಿಲ್ಲ. ಅಕ್ಕನಿಗೆ ಚಿತ್ರ ತೋರಿಸಿ ಹೆಸರು ಕೇಳುತ್ತಿದ್ದರು. ಬೀಸುವ ಕಲ್ಲಿನ ಚಿತ್ರ ಬಂದಾಗ ಅಕ್ಕನಿಗೆ ಹೆಸರು ಸಿಗಲಿಲ್ಲ. ಆದರೆ ಕೈ ಮಾತ್ರ ತಾನಾಗಿ ಗುಂಡಗೆ ತಿರುಗಿತು. ಟೆಕ್ನಿಷಿಯನ್ ಹುಡುಗನಿಗೆ ಹೆಸರೂ ಗೊತ್ತಿರಲಿಲ್ಲ, ಕೈಯೂ ತಿರುಗಲಿಲ್ಲ!

ಉಪಯೋಗ ಆಯಿತು ಅಂತ ಹೇಗೆ ಗೊತ್ತಾಗುವುದು

ಇಲ್ಲಿ ತಾಳ್ಮೆಯಿಂದ ಓದಿ, ಎಲ್ಲರೂ ಎಡವುವುದು ಈ ಜಾಗದಲ್ಲೇ.

ಒಳ್ಳೆಯ ಅಧ್ಯಯನದಲ್ಲಿ ಒಂದು ಗುಂಪಿಗೆ ನಕಲಿ ಕರೆಂಟ್ ಕೊಡುತ್ತಾರೆ. ಅರ್ಧ ನಿಮಿಷ ಏರಿಸಿ, ನವೆ ಬರಿಸಿ, ಸದ್ದಿಲ್ಲದೆ ಆಫ್ ಮಾಡುತ್ತಾರೆ. ರೋಗಿಗೂ ಗೊತ್ತಾಗಬಾರದು, ಮನೆಯವರಿಗೂ ಗೊತ್ತಾಗಬಾರದು. ಈ ನಕಲಿ ಗುಂಪಿನ ಮನೆಯವರೂ "ನಮ್ಮಮ್ಮ ಚುರುಕಾಗಿದ್ದಾರೆ" ಅನ್ನುತ್ತಾರೆ. ಸುಳ್ಳು ಹೇಳುತ್ತಾರೆ ಅಂತಲ್ಲ. ದಿನಾ ಹೊರಗೆ ಹೋಗುವುದು, ಹೊಸಬರ ಜೊತೆ ಮಾತು, ಮನೆಯವರ ಪೂರ್ತಿ ಗಮನ, ಇವೇ ಯಾರನ್ನಾದರೂ ಸ್ವಲ್ಪ ಅರಳಿಸುತ್ತವೆ. ಅದೇ ಪರೀಕ್ಷೆ ಮತ್ತೆ ಮತ್ತೆ ಮಾಡಿದರೆ ಅಭ್ಯಾಸದಿಂದಲೇ ಮಾರ್ಕ್ಸ್ ಏರುತ್ತದೆ. ಖಾಸಗಿ ಕ್ಲಿನಿಕ್ಕಿನಲ್ಲಿ ನಕಲಿ ಗುಂಪು ಇರುವುದಿಲ್ಲ. ಹಾಗಾಗಿ ಅಲ್ಲಿ ಎಲ್ಲರಿಗೂ ಉಪಯೋಗ ಆಗುತ್ತದೆ!

ನೀವು ಮಾಡಬೇಕಾದ್ದು ಇಷ್ಟು. ಶುರುವಾಗುವ ಕನಿಷ್ಠ ಎರಡು ವಾರ ಮುಂಚೆ ಒಂದು ನೋಟ್‌ಬುಕ್ ತೆಗೆಯಿರಿ. "ನೆನಪು ಹೇಗಿದೆ" ಅಂತ ಬರೆಯಬೇಡಿ, ಅದಕ್ಕೆ ಅಳತೆ ಇಲ್ಲ. ಎಣಿಸಬಹುದಾದ ಮೂರೇ ವಿಷಯ ಆರಿಸಿ. ನಾವು ಆರಿಸಿದ್ದು: ಸಂಜೆ ಐದರಿಂದ ಏಳರೊಳಗೆ "ಅಮ್ಮ ಎಲ್ಲಿ?" ಅಂತ ಎಷ್ಟು ಸಲ ಕೇಳಿದಳು, ಬಚ್ಚಲಿಂದ ಬರುವಾಗ ನಲ್ಲಿ ನಿಲ್ಲಿಸಿದಳಾ, ಬೆಳಗ್ಗೆ ಓದಿದ ಪೇಪರಿನ ಒಂದು ಸುದ್ದಿಯನ್ನು ಮಧ್ಯಾಹ್ನ ಊಟದ ಹೊತ್ತಿಗೆ ಹೇಳಿದಳಾ. ಬರೆಯುವುದು ದಿನಾ ಒಬ್ಬರೇ. ಸೆಷನ್ ಯಾವಾಗ ನಡೆಯುತ್ತಿದೆ ಅಂತ ಗೊತ್ತಿಲ್ಲದ ಒಬ್ಬರಿಂದಲೂ ಅಭಿಪ್ರಾಯ ತೆಗೆದುಕೊಳ್ಳಿ. ತುಮಕೂರಿನಿಂದ ಬರುವ ನನ್ನ ತಂಗಿಗೆ ನಾವು ಬೇಕೆಂದೇ ಏನೂ ಹೇಳಲಿಲ್ಲ. ಬಂದಾಗಲೆಲ್ಲ "ಅಕ್ಕ ಹೇಗಿದ್ದಾಳೆ ಅನ್ನಿಸ್ತು?" ಅಂತ ಕೇಳಿ ತಾರೀಖಿನ ಜೊತೆ ಬರೆದಿಟ್ಟೆ.

ಒಂದೇ ದಿನ ತೀರಾ ಕೆಟ್ಟರೆ ಕರೆಂಟನ್ನು ಬೈಯುವ ಮುಂಚೆ ಜ್ವರ, ಉರಿಮೂತ್ರ, ಮಲಬದ್ಧತೆ ನೋಡಿ. ವಯಸ್ಸಾದವರ ತಲೆ ಕೆಡಿಸುವುದರಲ್ಲಿ ಇವು ಎತ್ತಿದ ಕೈ.

ಅಕ್ಕನ ನೋಟ್‌ಬುಕ್ ಏನು ಹೇಳಿತು ಅಂತ ಕೇಳುತ್ತೀರಿ. "ಅಮ್ಮ ಎಲ್ಲಿ" ಕಮ್ಮಿ ಆಯಿತು, ಆಮೇಲೆ ಮತ್ತೆ ಹಳೇ ಲೆಕ್ಕಕ್ಕೆ ಬಂತು. ನಲ್ಲಿ ಹಾಗೇ ಇದೆ. ಪೇಪರ್ ಸುದ್ದಿ ಕೆಲವು ದಿನ ಹೇಳಿದಳು, ಹೇಳಿದ್ದು ಹೆಚ್ಚಾಗಿ ಚಿನ್ನದ ರೇಟು. ಅವಳಿಗೆ ಸಿಕ್ಕಿದ್ದು ನಿಜವಾದ ಕರೆಂಟೋ ನಕಲಿಯೋ ನಮಗೆ ಹೇಳಿಲ್ಲ. ಅಧ್ಯಯನ ಪೂರ್ತಿ ಮುಗಿದ ಮೇಲೆ ಹೇಳುತ್ತಾರಂತೆ. ನನ್ನ ಹೆಂಡತಿ ನಿಜ ಅನ್ನುತ್ತಾಳೆ, ನಾನು ನಕಲಿ ಅನ್ನುತ್ತೇನೆ.

ಮನೆಯಲ್ಲಿ ಮಾಡಬೇಡಿ

ಇದನ್ನು ಇಂಜಿನಿಯರಿಂಗ್ ಓದುವ ಮೊಮ್ಮಕ್ಕಳಿಗಾಗಿ ಬರೆಯುತ್ತಿದ್ದೇನೆ. 9 ವೋಲ್ಟ್ ಬ್ಯಾಟರಿ, ಎರಡು ಸ್ಪಂಜು, ಒಂದು ರೆಸಿಸ್ಟರ್. ಎಸ್‌ಪಿ ರೋಡಿಗೆ ಹೋದರೆ ಎಲ್ಲವೂ ಸಿಗುತ್ತದೆ. ಜೋಡಿಸುವುದಕ್ಕೆ ನನಗೆ ಒಂದು ಸಂಜೆ ಸಾಕು. ಮಾಡಿಲ್ಲ, ಮಾಡುವುದೂ ಇಲ್ಲ.

ಯಾಕೆ ಅಂದರೆ ಆಸ್ಪತ್ರೆಯ ಮಷೀನು ಕರೆಂಟನ್ನು ಸ್ಥಿರವಾಗಿ ಇಡುತ್ತದೆ. ಪ್ಯಾಡಿಂದ ಪ್ಯಾಡಿಗೆ ರೋಧ 5 ಕಿಲೋಓಮ್ ಇದ್ದರೆ 2 ಮಿಲಿಆಂಪಿಗೆ 10 ವೋಲ್ಟ್ ಬೇಕು. ಸ್ಪಂಜು ಒಣಗಿ ರೋಧ 15 ಆದರೆ 30 ವೋಲ್ಟ್. ರೋಧ ಮಿತಿ ಮೀರಿದರೆ ಒಳ್ಳೆಯ ಮಷೀನು ತಾನಾಗಿ ನಿಲ್ಲುತ್ತದೆ. ಮನೆಯಲ್ಲಿ ಮಾಡಿದ್ದಕ್ಕೆ ಆ ಬುದ್ಧಿ ಇಲ್ಲ. ಇನ್ನೊಂದು ಅಪಾಯ ಸ್ಪಂಜು ಅಲ್ಲಲ್ಲಿ ಮಾತ್ರ ಒಣಗಿದಾಗ. ಒದ್ದೆ ಉಳಿದ ಕಾಸಿನಗಲದ ಜಾಗದಲ್ಲೇ ಕರೆಂಟೆಲ್ಲ ನುಗ್ಗುತ್ತದೆ, ಚರ್ಮ ಸುಡುತ್ತದೆ. ಮೆಲ್ಲಗೆ ಏರಿಸಿ ಇಳಿಸುವ ವ್ಯವಸ್ಥೆಯೂ ಇಲ್ಲ, ತಂತಿ ಬಿಚ್ಚಿದ ಕ್ಷಣ ಕಣ್ಣಮುಂದೆ ಫಳ್ ಅಂತ ಬೆಳಕು ಹೊಡೆಯಬಹುದು. ಇನ್ನು ಡಿಮೆನ್ಷಿಯಾದಲ್ಲಿ ಮಿದುಳು ಕುಗ್ಗಿರುತ್ತದೆ, ಖಾಲಿಯಾದ ಜಾಗದಲ್ಲಿ ದ್ರವ ತುಂಬಿರುತ್ತದೆ. ಆ ದ್ರವದಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಹಾಗಾಗಿ ಯೂಟ್ಯೂಬಿನಲ್ಲಿ ಒಬ್ಬ ಹುಡುಗನ ತಲೆಗೆ ತೋರಿಸಿದ ಜಾಗ, ನಿಮ್ಮ ಅಜ್ಜಿಯ ತಲೆಯಲ್ಲಿ ಬೇರೆ ಇನ್ನೆಲ್ಲಿಗೋ ತಲುಪುತ್ತದೆ. ಆನ್‌ಲೈನಿನಲ್ಲಿ ಮಾರುವ ಹೆಡ್‌ಬ್ಯಾಂಡ್‌ಗಳ ಬಗ್ಗೆಯೂ ನನ್ನ ಮಾತು ಇದೇ.

ಎಲ್ಲಿಗೆ ಹೋಗುವುದು

ಬೆಂಗಳೂರಿನಲ್ಲಿ ಮೊದಲ ಬಾಗಿಲು ಹೊಸೂರು ರಸ್ತೆಯ ನಿಮ್ಹಾನ್ಸ್. ಅಲ್ಲಿ ಹಿರಿಯರಿಗೆ ಅಂತಲೇ ಸೇವೆ ಇದೆ, ಟಿಡಿಸಿಎಸ್ ಮತ್ತು ಟಿಎಂಎಸ್ ಬಗ್ಗೆ ಸಂಶೋಧನೆಯೂ ನಡೆಯುತ್ತದೆ. ಬೇಗ ಹೋಗಿ, ಸಾಲು ಉದ್ದ ಇರುತ್ತದೆ, ತಿಂಡಿ ಕಟ್ಟಿಕೊಂಡು ಹೋಗಿ. ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುವ ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ. ಆದರೆ ಅದು ಸಂಶೋಧನಾ ಕೇಂದ್ರ, ಆಸ್ಪತ್ರೆ ಅಲ್ಲ. ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರ, ಮನೆಯವರಿಗೆ ತರಬೇತಿ ಬೇಕಿದ್ದರೆ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇದೆ, ಅಲ್ಝೈಮರ್ ಸಂಘದ ಬೆಂಗಳೂರು ಶಾಖೆ ಇದೆ. ಕ್ಲಿನಿಕ್ಕಿನ ಪ್ಯಾಕೇಜಿಗೆ ಎತ್ತಿಟ್ಟ ದುಡ್ಡನ್ನು ಇಂಥ ಡೇ ಕೇರಿಗೋ, ವಾರಕ್ಕೆ ಎರಡು ದಿನ ಬಂದು ಕೂರುವ ಒಬ್ಬ ಸಹಾಯಕಿಗೋ ಹಾಕುವುದು ಜಾಸ್ತಿ ಲಾಭ ಅಂತ ನಾನು ಲೆಕ್ಕ ಹಾಕಿದ್ದೇನೆ. ನಿಮ್ಮ ಲೆಕ್ಕ ಬೇರೆ ಬರಬಹುದು.

ಫೋನಿನಲ್ಲಿ ಕೇಳುವುದಾದರೆ ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಎರಡೂ ಕಡೆ ಕನ್ನಡದಲ್ಲಿ ಮಾತಾಡಬಹುದು. ನೋಡಿಕೊಳ್ಳುವವರು ನೀವೇ ಸುಸ್ತಾಗಿದ್ದರೂ ಫೋನ್ ಮಾಡಿ, ರೋಗಿಗೆ ಮಾತ್ರ ಅಂತೇನೂ ಇಲ್ಲ. ಆಸ್ಪತ್ರೆಗೆ ಹೋಗುವಾಗ ಹಳೆಯ ಸ್ಕ್ಯಾನಿನ ಸಿಡಿ, ಮಾತ್ರೆಗಳ ಪಟ್ಟಿ, ಆಧಾರ್, ಓದುವ ಕನ್ನಡಕ ಮತ್ತು ಆ ನೋಟ್‌ಬುಕ್ ಮರೆಯದೆ ಒಯ್ಯಿರಿ. ಡಾಕ್ಟರ ಹತ್ತಿರ ನಿಮಗೆ ಸಿಗುವುದು ಕೆಲವೇ ನಿಮಿಷ, ನೋಟ್‌ಬುಕ್ಕಿನ ಕೊನೇ ಪುಟ ತೆರೆದು ಮೇಜಿನ ಮೇಲಿಟ್ಟರೆ ಅವರು ಅಲ್ಲಿಂದಲೇ ಮಾತು ಶುರು ಮಾಡುತ್ತಾರೆ.